ಸತ್ತ ಮರಿಯ ತೊಗಲು

ಅತ್ತೆಯ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಮಾತನಾಡುವಾಗ ಆ ಎರಡು ಸೀಳುಗಳೂ ಬೇರೆ ಬೇರೆಯಾಗಿ ಅಲ್ಲಾಡುತ್ತಿದ್ದವು. ತಾಯಿ ಕಳೆದುಕೊಂಡ ಕುರಿಮರಿಯೊಂದನ್ನು ಎದೆಗವಚಿಕೊಂಡು ಬರುತ್ತಿದ್ದಾಗ ಅದು ಹಸಿವಿನಲ್ಲಿ ಮೊಲೆಯೆಂದುಕೊಂಡು ಅವಳ ಓಲೆಯನ್ನೇ ಬಾಯಿಗೆ ಹಾಕಿಕೊಂಡು ಜಗ್ಗಿತ್ತಂತೆ. ಅಂದಿನಿಂದ ಬಲಗಿವಿಗೆ ಮಾತ್ರ ಓಲೆ. "ಹಸಿದೋರಿಗೆ ಕಿವಿ ಯಾವ್ದು ಮೊಲೆ ಯಾವ್ದು ಗೊತ್ತಾಗಲ್ಲ ಬಿಡವ್ವ" ಎನ್ನುತ್ತಿದ್ದಳು. ಆ ಮರಿ ಬದುಕಿತೇ ಎಂದು ಕೇಳಿದರೆ, "ಬದುಕ್ತು, ಚೆನ್ನಾಗಿ ಕೊಬ್ಬಿತ್ತು, ಸಂತೇಲಿ ಮಾರಿದೆ" ಎನ್ನುವಳು. ಅವಳಿಗೆ ಮರಿಗಳ ಮೇಲೆ ಪ್ರೀತಿ ಇತ್ತು, ಆದರೆ ಆ ಪ್ರೀತಿಗೆ ಕಣ್ಣೀರಿನ ಚಾಳಿ ಇರಲಿಲ್ಲ.

ಅತ್ತೆ ಎಂದು ಕರೆಯುತ್ತಿದ್ದೆನೇ ಹೊರತು ಅವಳು ನನ್ನ ಅಪ್ಪನ ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ನನ್ನ ಅವ್ವ ಕೆಂಚಮ್ಮನ ಗೆಳತಿ. ಇಬ್ಬರೂ ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಕಾಯುತ್ತ ಬೆಳೆದವರು. ಅವ್ವ ಮದುವೆಯಾಗಿ ಚಳ್ಳಕೆರೆ ಸೇರಿದಳು. ಅತ್ತೆಯೂ ಮದುವೆಯಾಗಿ ಹೋದಳು, ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಅತ್ತೆ ಜಗಳಕ್ಕೆ ಹೋಗಲಿಲ್ಲ. ತವರಿನವರು ಬಳುವಳಿಯಾಗಿ ಕೊಟ್ಟಿದ್ದ ಕುರಿಗಳನ್ನೂ ಅವುಗಳ ಸಂತಾನವನ್ನೂ ಬೇರೆ ಮಾಡಿಕೊಂಡು, ಮಂದೆ ಹೊಡೆದುಕೊಂಡು, ನಡೆದೇ ತವರು ಹಟ್ಟಿಗೆ ಬಂದುಬಿಟ್ಟಳು. "ಅವನದು ಅಂತ ಒಂದು ಕುರೀನೂ ತರಲಿಲ್ಲ. ಅವನ ಟಗರು ತಾನಾಗೇ ಹಿಂದೆ ಬಂತು, ನಾನೇನು ಮಾಡ್ಲಿ?" ಎಂದು ಹೇಳಿ ನಗುತ್ತಿದ್ದಳು. ಹಟ್ಟಿಯ ಹೆಂಗಸರು ಸೀಮಂತಕ್ಕೆ ಅವಳನ್ನು ಕರೆಯುತ್ತಿರಲಿಲ್ಲ. ಹೆರಿಗೆ ಕಷ್ಟವಾದಾಗ ಮಾತ್ರ ಓಡಿ ಬಂದು ಕರೆಯುತ್ತಿದ್ದರು, ಯಾಕೆಂದರೆ ಅಡ್ಡ ತಿರುಗಿದ ಮರಿಯನ್ನು ಹೊರಗೆಳೆಯುವ ಕೈ ಅವಳದು.

ನನ್ನ ಅವ್ವ ಎರಡನೆಯ ಹೆರಿಗೆಯಲ್ಲಿ ಕೂಸಿನ ಜೊತೆಗೇ ಹೋದಳು. ಆಗ ಈ ಕೈ ಪಕ್ಕದಲ್ಲಿ ಇರಲಿಲ್ಲ. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಹಮಾಲಿ, ಅವ್ವ ಅದೇ ಮಿಲ್ಲಿನ ಅಂಗಳದಲ್ಲಿ ಶೇಂಗಾ ಆರಿಸುವವಳು. ಕರ್ಮ ಮುಗಿದ ಮೇಲೆ ಅಪ್ಪ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ಅತ್ತೆಯ ಗುಡಿಸಲ ಮುಂದೆ ನಿಲ್ಲಿಸಿದ. "ಒಂದೆಂಟು ದಿನ ನೋಡ್ಕಳಕ್ಕ, ಬಂದು ಕರ್ಕೊಂಡೋಗ್ತೀನಿ" ಎಂದ. ಲಾರಿಯೊಂದನ್ನು ಹತ್ತಿ ಬಳ್ಳಾರಿ ಕಡೆ ಹೋದನಂತೆ, ಅಲ್ಲಿ ಮದುವೆಯಾದನಂತೆ. ನಾನು ಅವನನ್ನು ಮತ್ತೆ ನೋಡಲಿಲ್ಲ, ಈಗ ಎದುರಿಗೆ ಬಂದರೂ ಗುರುತು ಹಿಡಿಯಲಾರೆ.

ಆ ಮೊದಲ ದಿನ ಹಟ್ಟಿಯ ಹೆಂಗಸರೆಲ್ಲ ನನ್ನ ಸುತ್ತ ನೆರೆದರು. ಅಯ್ಯೋ ತಬ್ಬಲಿ, ಅಯ್ಯೋ ಪಾಪ, ತಾಯಿಯದೇ ಮೂಗು ನೋಡ್ರೇ ಎನ್ನುತ್ತ ಒಬ್ಬೊಬ್ಬರೇ ಗಲ್ಲ ಹಿಡಿದು ನೋಡಿದರು. ಅತ್ತೆ ಒಬ್ಬಳೇ ನನ್ನ ಕಡೆ ತಿರುಗಲಿಲ್ಲ. ಬೆನ್ನು ಕೊಟ್ಟು ಕೂತು ಕುರಿಯ ಕಿವಿಯೊಳಗಿನ ಉಣ್ಣಿಹುಳ ಕೀಳುತ್ತಿದ್ದಳು. ತಿರುಗದೆಯೇ ಹೇಳಿದಳು: "ಹೊಸ ಮರಿ ಬಂದಾಗ ಮಂದೆ ಎಲ್ಲಾ ಬಂದು ಮುತ್ತಿಕೊಂಡ್ರೆ ಅದು ಬೇಲಿ ಹಾರ್ತೈತೆ. ನಡೀರಿ, ನಿಮ್ಮ ನಿಮ್ಮ ಮನಿಗೆ ನಡೀರಿ." ಅವರು ಗೊಣಗುತ್ತ ಹೋದರು. ಎಂಥ ಕಲ್ಲುಮನಸ್ಸಿನವಳಪ್ಪ ಎಂದು ನಾನೂ ಅಂದುಕೊಂಡೆ. ಮುದ್ದೆ, ಸಾರು ತಂದು ಪಕ್ಕದಲ್ಲಿಟ್ಟು, ತಿನ್ನು ಎಂದೂ ಹೇಳದೆ, ರೊಪ್ಪದೊಳಗೆ ಕುರಿ ಕೂಡಲು ಹೋದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನಾನು ತಿಂದೆ.

ಅವ್ವನ ಹಳೆಯ ಸೀರೆಯ ಒಂದು ತುಂಡು ನನ್ನ ಕೈಯಲ್ಲಿತ್ತು. ಸತ್ತವಳ ಬಟ್ಟೆ, ಮೈಲಿಗೆ, ಬಿಸಾಕಿಸು ಎಂದು ಅತ್ತೆಯ ಅತ್ತಿಗೆ, ಅವಳ ಅಣ್ಣನ ಹೆಂಡತಿ, ಹೇಳಿದಳು. "ಅದರ ಮೂಗು ಇನ್ನೂ ತಾಯೀನ ಹುಡುಕ್ತೈತೆ, ಇರಲಿ ಬಿಡು" ಎಂದಳು ಅತ್ತೆ. ಆ ತುಂಡಿನ ಜೊತೆ ತನ್ನ ಹಳೆಯ ಕಂಬಳಿಯನ್ನೂ ನನ್ನ ಪಕ್ಕ ಹಾಸಿಟ್ಟಳು. ಎರಡರ ವಾಸನೆಯೂ ಸೇರಿ ಹೋಗಲಿ ಎಂಬ ಲೆಕ್ಕಾಚಾರ ಅದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಾನು ಹಾಸಿಗೆ ಒದ್ದೆ ಮಾಡುತ್ತಿದ್ದೆ. ಬೆಳಗ್ಗೆ ಅವಳು ಕಂಬಳಿಯನ್ನು ಬೇಲಿಯ ಮೇಲೆ ಹರವಿ ಬರುತ್ತಿದ್ದಳು. ಆ ಅತ್ತಿಗೆ ಮೂಗು ಮುಚ್ಚಿಕೊಂಡಾಗ, "ಉಚ್ಚೆ ಹೊಯ್ತು ಅಂತ ಮರಿಗೆ ಯಾರಾನ ಹೊಡೀತಾರೇನೆ?" ಎಂದು ಗದರಿದಳು.

ನಾನು ಮುದ್ದೆ ಕದಿಯುತ್ತಿದ್ದೆ. ತಿನ್ನುವುದಕ್ಕಲ್ಲ, ಅಡಗಿಸಿಡುವುದಕ್ಕೆ. ಗೋಡೆಯ ಸಂದಿಯಲ್ಲಿ ತುರುಕಿಟ್ಟ ಮುದ್ದೆ ಹಳಸಿ, ಇಲಿ ಬಂದು, ನಾತ ಹೊಡೆಯತೊಡಗಿತು. ಹೊಡೆತ ಬೀಳುತ್ತದೆಂದು ಕಾದೆ. ಒಂದು ದಿನ ಆ ಸಂದಿಯಲ್ಲಿ ಮುಚ್ಚಳವಿದ್ದ ಚಿಕ್ಕ ಕುಡಿಕೆಯೊಂದು ಬಂದು ಕೂತಿತ್ತು. ಅತ್ತೆ ಇಟ್ಟದ್ದು, ಒಳಗೆ ಮುದ್ದೆ. ಕುಡಿಕೆ ಯಾವತ್ತೂ ಬರಿದಾಗಿರುತ್ತಿರಲಿಲ್ಲ. ಹೀಗೆ ಯಾವಾಗಲೂ ತುಂಬಿಯೇ ಇರುವುದನ್ನು ಕದಿಯುವುದರಲ್ಲಿ ಏನು ಸುಖ? ನನಗೇ ಬೇಜಾರಾಗಿ ಬಿಟ್ಟುಬಿಟ್ಟೆ. ಅವಳಿಗೆ ಭಯವಿದ್ದದ್ದು ಕದಿಯುವ, ಅಳುವ, ಕಚ್ಚುವ ಮಕ್ಕಳ ಬಗ್ಗೆ ಅಲ್ಲ. "ಕೂಗೋ ಮರಿ ಬದುಕ್ತೈತೆ. ಮೂಲೇಲಿ ಸುಮ್ಮನೆ ನಿಂತಿರ್ತೈತಲ್ಲ, ಅದರ ಮೇಲೆ ಕಣ್ಣಿಡಬೇಕು" ಎನ್ನುತ್ತಿದ್ದಳು. ನಾನು ಮೊದಲ ಸಲ ಬಾಯಿ ಬಿಟ್ಟು ಅತ್ತಾಗ ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಸಮೀಪ ಬಂದು ಕೂತು ಬೀಡಿ ಹಚ್ಚಿದಳು. ಅವಳ ಮುಖದಲ್ಲಿ ಸಂತೋಷವಿತ್ತು.

ಆ ವರ್ಷದ ಮರಿ ಹಾಕುವ ಕಾಲದಲ್ಲಿ ನಾನು ಅತ್ತೆಯ ಒಂದು ವಿದ್ಯೆಯನ್ನು ನೋಡಿದೆ. ಒಂದು ಕುರಿಗೆ ಮರಿ ಹುಟ್ಟಿದ ಗಳಿಗೆಯಲ್ಲೇ ಸತ್ತಿತ್ತು. ಇನ್ನೊಂದು ಮರಿಗೆ ತಾಯಿ ಇರಲಿಲ್ಲ, ತೋಳ ಹೊತ್ತೊಯ್ದಿತ್ತು. ಮರಿ ಸತ್ತ ಕುರಿ ಕೆಚ್ಚಲು ಬಿಗಿದುಕೊಂಡು ಅರಚುತ್ತಿತ್ತು, ಆದರೂ ಆ ತಬ್ಬಲಿ ಹತ್ತಿರ ಹೋದರೆ ಮೂಸಿ ನೋಡಿ, ತಲೆ ತಗ್ಗಿಸಿ ಗುದ್ದಿ ಕೆಡವುತ್ತಿತ್ತು. ಅತ್ತೆ ಸತ್ತ ಮರಿಯ ತೊಗಲನ್ನು ಸುಲಿದಳು. ಅಂಗಿ ತೊಡಿಸುವಂತೆ ಅದನ್ನು ತಬ್ಬಲಿಗೆ ತೊಡಿಸಿ, ಹೊಟ್ಟೆಯ ಕೆಳಗೆ ದಾರ ಕಟ್ಟಿದಳು. ಕುರಿ ಮೂಸಿತು, ಮತ್ತೆ ಮೂಸಿತು, ಗುದ್ದಲಿಲ್ಲ. ಮರಿ ಮೊಲೆಗೆ ಬಾಯಿ ಹಾಕಿ ಬಾಲ ಅಲ್ಲಾಡಿಸತೊಡಗಿತು.

"ಇದು ಮೋಸ ಅಲ್ವೇನು ಅತ್ತೆ?" ಎಂದೆ.

"ಮೋಸಾನೇ. ನಾಕು ದಿನದ ಮೋಸ. ಅಷ್ಟೊತ್ತಿಗೆ ಆಯಮ್ಮನ ಹಾಲು ಇದರ ಹೊಟ್ಟೆಗೆ ಹೋಗಿ ಇದರ ಮೈಯೇ ಆ ವಾಸನೆ ಹಿಡೀತೈತೆ. ಆಗ ಬಿಚ್ಚಿ ಎಸೀಬೇಕು. ಬಿಚ್ಚಲಿಲ್ಲ ಅಂದ್ರೆ ತೊಗಲು ಕೊಳೆತು ಹುಳ ಬಿದ್ದು ಮರೀನ ತಿಂತವೆ."

ಹೇಳಿದಂತೆಯೇ ಬಿಚ್ಚಿದಳು. ಕುರಿ ಒಮ್ಮೆ ಅನುಮಾನದಿಂದ ನೋಡಿ ಸುಮ್ಮನಾಯಿತು. ನನಗೆ ಅದೊಂದು ಮಾಯೆಯಾಗಿ ಕಂಡಿತು. ಅತ್ತೆಗೂ ಆ ವಿದ್ಯೆಯ ಮೇಲೆ ಬಹಳ ನಂಬಿಕೆ ಇತ್ತು, ಅದೇ ಕೆಟ್ಟದ್ದಾಯಿತು.

ಚಳಿಗಾಲ ಶುರುವಾಗುವಾಗ ಅತ್ತೆ ಕಂಬಳಿ ಹೊತ್ತುಕೊಂಡು ಮೊಳಕಾಲ್ಮುರಿಗೆ ಹೋಗುತ್ತಿದ್ದಳು. ಅಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳ ಓಣಿಯಲ್ಲಿ ಅವಳಿಗೆ ಗಿರಾಕಿಗಳಿದ್ದರು. ಹಾಗೆ ಪರಿಚಯವಾದ ಒಂದು ಮನೆಯಲ್ಲಿ ಗಂಡ, ಹೆಂಡತಿ, ಪದ್ಮ ಎಂಬ ಒಬ್ಬಳೇ ಮಗಳು. ಆ ಸಲ ಹೋದಾಗ ಮಗ್ಗ ಸದ್ದು ಮಾಡುತ್ತಿರಲಿಲ್ಲ. ಪದ್ಮ ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ತಾಯಿ ಮೂಲೆ ಹಿಡಿದು ಕೂತಿದ್ದಳು, ಅನ್ನ ಬಿಟ್ಟಿದ್ದಳು, ಅಳುತ್ತಲೂ ಇರಲಿಲ್ಲ. ಮನೆಯಲ್ಲಿ ಅವರಾಡುವುದು ತೆಲುಗು. ಗಂಡ ಮೆತ್ತನೆಯ ಮನುಷ್ಯ. ಬಾಗಿಲವರೆಗೆ ಬಂದು, "ಇವಳೂ ಹೋಗಿಬಿಡ್ತಾಳಕ್ಕಾ" ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿದನಂತೆ.

ಅತ್ತೆ ಹಟ್ಟಿಗೆ ಬಂದು ಬಹಳ ಹೊತ್ತು ನನ್ನನ್ನೇ ನೋಡುತ್ತ ಕೂತಿದ್ದಳು. ಪದ್ಮನಿಗೂ ನನಗೂ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಎತ್ತರ. ಮೇವು ಮುಗಿಯುತ್ತ ಬಂದಿತ್ತು. ಮಂದೆಯನ್ನು ನೀರಾವರಿ ಸೀಮೆಗೆ ಹೊಡೆದುಕೊಂಡು ಹೋಗುವ ಕಾಲ, ಹೋದರೆ ತಿಂಗಳುಗಟ್ಟಲೆ ಗದ್ದೆ ಬಯಲಿನಲ್ಲೇ ವಾಸ. ಹಟ್ಟಿಯಲ್ಲಿ ಬಿಟ್ಟುಹೋದರೆ ನನ್ನನ್ನು ನೋಡುವವರಿಲ್ಲ, ಜೊತೆಗೆ ಕರೆದೊಯ್ದರೆ ಇಸ್ಕೂಲಿಲ್ಲ. "ಅಲ್ಲಿ ಕೆಚ್ಚಲು ಬಿಗಿದೈತೆ, ಇಲ್ಲಿ ಬಾಯಿ ಬರಿದೈತೆ" ಎಂದು ಅತ್ತಿಗೆಯ ಮುಂದೆ ಹೇಳಿದ್ದು ನನಗೆ ಕೇಳಿಸಿತು. ನನಗೆ ಹೋಗುವ ಮನಸ್ಸಿರಲಿಲ್ಲ, ಆದರೆ ಯಾರೂ ಕೇಳಲಿಲ್ಲ. ಕೇಳಬೇಕೆಂಬುದು ಆಗ ಅತ್ತೆಗೂ ಗೊತ್ತಿರಲಿಲ್ಲ, ಮರಿಗಳನ್ನು ಯಾರು ಕೇಳುತ್ತಾರೆ?

ಅವಳು ಆ ಗಂಡನಿಂದ ಪದ್ಮನ ಲಂಗ, ರವಿಕೆ ಕೇಳಿ ತಂದಳು. ಒಗೆಯದೆ ಇಟ್ಟಿದ್ದದ್ದೇ ಬೇಕೆಂದು ಕೇಳಿ ತಂದಳು. ಹಸಿರು ಲಂಗ, ಕೆಂಪು ಅಂಚು. ಕೊಬ್ಬರಿ ಎಣ್ಣೆಯದೂ ಔಷಧಿಯದೂ ವಾಸನೆ ಬರುತ್ತಿತ್ತು. ಅದನ್ನು ನನಗೆ ತೊಡಿಸಿ, ಪದ್ಮನ ಹಾಗೆ ಎರಡು ಜಡೆ ಹಾಕಿ, ಮೊಳಕಾಲ್ಮುರಿಗೆ ಕರೆದುಕೊಂಡು ಹೋಗಿ ಆ ಮನೆಯ ಹೊಸ್ತಿಲ ಒಳಗೆ ಮೆಲ್ಲಗೆ ನೂಕಿದಳು. ಮೂಲೆಯಲ್ಲಿದ್ದ ಹೆಂಗಸು ತಲೆ ಎತ್ತಿದಳು. ಎದ್ದು ಬಂದು ನನ್ನನ್ನು ಬಾಚಿ ತಬ್ಬಿ ನೆತ್ತಿಯನ್ನು ಮೂಸಿದಳು. "ನಾ ತಲ್ಲಿ ವಚ್ಚಿಂದಿ, ನಾ ತಲ್ಲಿ ವಚ್ಚಿಂದಿ" ಎಂದು, ನನ್ನ ತಾಯಿ, ನನ್ನ ಮಗಳು ಬಂದಳು ಎಂದು, ಓಣಿಗೆಲ್ಲ ಕೇಳುವಂತೆ ಅತ್ತಳು. ಆ ದಿನ ಅವಳು ಉಂಡಳು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ತಲೆಯಾಡಿಸಿ, ಮಂದೆಯ ಕಡೆ ಹೊರಟುಹೋದಳು.

ಅಲ್ಲಿ ನಾನು ಪದ್ಮನಾದೆ. ಮೊದಮೊದಲು ಹೊಟ್ಟೆಗೆ ಏನೂ ಕಡಿಮೆ ಇರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಪದ್ಮನಿಗೆ ಬದನೆಕಾಯಿ ಸೇರುತ್ತಿರಲಿಲ್ಲವಾದ್ದರಿಂದ ನನಗೂ ಸೇರಬಾರದಿತ್ತು. ಪದ್ಮ ಎಡಮಗ್ಗುಲಿಗೆ ಮಲಗುತ್ತಿದ್ದಳು, ನಾನು ಬಲಕ್ಕೆ ಹೊರಳಿದರೆ ತಿರುಗಿಸಿ ಮಲಗಿಸುವರು. ನಾನು ಕನ್ನಡದಲ್ಲಿ ಮಾತನಾಡಿದರೆ ಆ ತಾಯಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ, ತೆಲುಗಿನಲ್ಲಿ ಕೇಳಿದರೆ ಮಾತ್ರ ನೀರು. ಪಕ್ಕದ ಮನೆಯಾಕೆ ನಿನ್ನ ಹೆಸರೇನೇ ಎಂದಾಗ ಬೋರಕ್ಕ ಎಂದೆ. ಆಕೆ ಹೋದ ಮೇಲೆ ನನ್ನ ತೊಡೆಯ ಮೇಲೆ ಹಿಂಡಿದ ಗುರುತು ಬಹಳ ದಿನ ನೀಲಿಗಟ್ಟಿತ್ತು. ಇಸ್ಕೂಲಿಗೆ ಕಳಿಸಲಿಲ್ಲ, ಕಳಿಸುವಂತೆಯೂ ಇರಲಿಲ್ಲ. ಪದ್ಮ ಸತ್ತದ್ದು ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿತ್ತಲ್ಲ. ಗಂಡ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತ, ಲಾಳಿ ನಿಲ್ಲಿಸಿ ಒಮ್ಮೊಮ್ಮೆ ನನ್ನನ್ನು ನೋಡುತ್ತಿದ್ದ. ಅವನ ಕಣ್ಣಲ್ಲಿ ಕ್ಷಮೆ ಕೇಳುವ ಭಾವ ಇರುತ್ತಿತ್ತು.

ಮಕ್ಕಳು ಬೆಳೆಯುತ್ತವೆ, ಸತ್ತ ಮಕ್ಕಳು ಬೆಳೆಯುವುದಿಲ್ಲ. ಅಲ್ಲೇ ಎಲ್ಲವೂ ಕೆಟ್ಟಿತು. ಲಂಗ ಗಿಡ್ಡವಾಯಿತು, ಆಕೆ ಅಂಚು ಬಿಚ್ಚಿ ಇಳಿಸಿದಳು. ರವಿಕೆ ಬಿಗಿಯಾಯಿತು, ಹೊಸದು ಹೊಲಿಸೋಣವೆಂದು ಗಂಡ ಹೇಳಿದರೆ ಕೇಳಲಿಲ್ಲ. ನನಗೆ ಊಟ ಹಾಕುವುದು ಕಡಿಮೆ ಮಾಡಿದಳು. ದ್ವೇಷದಿಂದಲ್ಲ, ನಾನು ದಪ್ಪವಾಗಬಾರದೆಂದು. ರವಿಕೆಯ ತೋಳು ಕಂಕುಳನ್ನು ಕೊಯ್ದು ಹುಣ್ಣಾಯಿತು. ಹುಣ್ಣು ಕೀವಾಯಿತು. ಅದರ ಮೇಲೆ ಜ್ವರ ಬಂತು. ಜ್ವರ ಬಂದ ಕೂಡಲೇ ಆಕೆಗೆ ಹಿಂದಿನದೆಲ್ಲ ಕಣ್ಣ ಮುಂದೆ ಬಂತೋ ಏನೋ, ಬಾಗಿಲಿಗೆ ಅಗಳಿ ಹಾಕಿ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತುಬಿಟ್ಟಳು. ಆಸ್ಪತ್ರೆಗೆ ಹೋದರೆ ಸಾಯುತ್ತಾಳೆ ಎನ್ನುವಳು. ಗಂಡನನ್ನು ಹತ್ತಿರ ಸೇರಿಸಲಿಲ್ಲ.

ಅವನು ಬಸ್ಸು ಹಿಡಿದು ಹೋದ. ಅತ್ತೆಯ ಮಂದೆ ತಿರುಗಿ ಬರುತ್ತ ದೇವಸಮುದ್ರದ ಕಡೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಬೀಡುಬಿಟ್ಟಿದೆ ಎಂದು ಅವನಿಗೆ ಯಾರೋ ಹೇಳಿದ್ದರು. ಹೊಲ ಹೊಲ ಹುಡುಕಿದನಂತೆ. ನನಗೆ ನೆನಪಿರುವುದು ಇಷ್ಟೇ: ಬಾಗಿಲು ಧಡಾರೆಂದಿತು, ಕುರಿಯ ವಾಸನೆ ಬಂತು, ನಾನು ಕಣ್ಣು ಬಿಟ್ಟೆ.

ಅತ್ತೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ತೋಳೆತ್ತಿ ಕಂಕುಳನ್ನು ನೋಡಿದಳು. ಅದೇ ಹಸಿರು ಲಂಗ, ಅದೇ ರವಿಕೆ. ಅವಳ ಮುಖ ಆಗ ಹೇಗಾಯಿತೆಂದರೆ, ತೋಳ ಬಂದು ಹೋದ ಬೆಳಗ್ಗೆ ರೊಪ್ಪದ ಬಾಗಿಲಲ್ಲಿ ನಿಂತಾಗಲೂ ನಾನು ಅಂಥ ಮುಖ ಕಂಡಿರಲಿಲ್ಲ. ಅಂಗೈಯಿಂದ ಹಣೆ ಹಣೆ ಬಡಿದುಕೊಂಡಳು. "ಬಿಚ್ಚದೆ ಹೋದೆ ಕಣೆ. ತೊಡಿಸಿ, ಬಿಚ್ಚದೆ ಹೋದೆ" ಎಂದಳು. ಸೊಂಟದಲ್ಲಿದ್ದ ಉಣ್ಣೆ ಕತ್ತರಿಸುವ ಕತ್ತರಿಯನ್ನು ತೆಗೆದು ರವಿಕೆಯನ್ನು ತೋಳಿನಿಂದ ಕತ್ತರಿಸಿದಳು. ಬಟ್ಟೆ ಹರಿದ ಸದ್ದಿಗೆ ಆ ತಾಯಿ ಕಿರುಚಿಕೊಂಡು ಮೇಲೆ ಬಿದ್ದಳು, ಅತ್ತೆಯ ಮುಖವನ್ನು ಪರಚಿದಳು.

ಅತ್ತೆ ತಿರುಗಿ ಹೊಡೆಯಲಿಲ್ಲ. ಆಕೆಯ ಹಿಂದಕ್ಕೆ ಹೋಗಿ, ಎರಡೂ ತೋಳಿನಿಂದ ಆಕೆಯನ್ನು ಬಳಸಿ ಬಿಗಿಹಿಡಿದು, ನೆಲಕ್ಕೆ ಕೂತು, ಕಿವಿಯ ಹತ್ತಿರ ತನ್ನ ಹರಕು ಮುರುಕು ತೆಲುಗಿನಲ್ಲಿ ಹೇಳಿದಳು: "ನೀ ಬಿಡ್ಡ ಚಚ್ಚಿಪೋಯಿಂದಿ, ತಲ್ಲೀ. ಚಚ್ಚಿಪೋಯಿಂದಿ. ಇದಿ ಕೆಂಚಮ್ಮ ಬಿಡ್ಡ. ದೀನಿ ಪೇರು ಬೋರಕ್ಕ."

ನಿನ್ನ ಮಗಳು ಸತ್ತುಹೋದಳು ತಾಯಿ, ಇವಳು ಕೆಂಚಮ್ಮನ ಮಗಳು, ಇವಳ ಹೆಸರು ಬೋರಕ್ಕ. ಆ ಮನೆಯಲ್ಲಿ ಅಷ್ಟು ಕಾಲ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಅದು. ಆಕೆ ಇನ್ನೂ ಸ್ವಲ್ಪ ಹೊತ್ತು ಒದ್ದಾಡಿದಳು, ಆಮೇಲೆ ಸೋತು ಬಿದ್ದಳು. ಅತ್ತೆ ಅವಳನ್ನು ಗಂಡನ ಕೈಗೊಪ್ಪಿಸಿ, ತನ್ನ ಕಂಬಳಿಯಲ್ಲಿ ನನ್ನನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು.

ನಾನು ಬದುಕಿದೆ. ಆಕೆಯನ್ನು ತವರಿನವರು ಬಂದು ಗಡಿಯಾಚೆಗೆ, ರಾಯದುರ್ಗದ ಕಡೆಗೆ ಕರೆದುಕೊಂಡು ಹೋದರು. ಬುದ್ಧಿ ಮರಳಲಿಲ್ಲ. ಆಮೇಲೆ ಪ್ರತಿ ಚಳಿಗಾಲವೂ ಅತ್ತೆ ಆ ಓಣಿಗೆ ಹೋದಾಗ ಮೊದಲು ಆ ಬಾಗಿಲಲ್ಲಿ ನಿಂತು, "ಎಂಗೈತಪ್ಪ ಆಯಮ್ಮ?" ಎಂದು ಕೇಳುವಳು. "ಹಂಗೇ ಐತಕ್ಕ" ಎಂದು ಗಂಡ ಒಳಗಿನಿಂದ ಹೇಳುವನು. ಅವನು ಬೈದಿದ್ದರೆ ಅತ್ತೆಗೆ ಎಷ್ಟೋ ಸುಖವಾಗುತ್ತಿತ್ತು. ಅವನು ಬೈಯಲಿಲ್ಲ. ನಾನೂ ಬೈದಿಲ್ಲ. ಆದರೆ ಆ ತಾಯಿಯನ್ನು ಹಾಳು ಮಾಡಿದ್ದು ಪದ್ಮನ ಸಾವು ಮಾತ್ರವಲ್ಲ, ಅತ್ತೆಯ ವಿದ್ಯೆಯೂ ಹೌದು ಎಂದು ನನಗೆ ಗೊತ್ತಿದೆ, ಅತ್ತೆಗೂ ಗೊತ್ತಿತ್ತು. ಕುರಿಗೆ ಸರಿಹೋದದ್ದೆಲ್ಲ ಮನುಷ್ಯರಿಗೆ ಸರಿಹೋಗುವುದಿಲ್ಲ ಎನ್ನುವುದನ್ನು ಅವಳು ಕಲಿತದ್ದು ನಮ್ಮಿಬ್ಬರ ಮೈಮೇಲೆ.

ಕಲಿತ ಮೇಲೆ ಮಾತ್ರ ಮರೆಯಲಿಲ್ಲ. ಅಲ್ಲಿಂದಾಚೆಗೆ ಅವಳ ಗುಡಿಸಲಿಗೆ ಬೇರೆ ಮಕ್ಕಳೂ ಬಂದವು. ಅಂಗನವಾಡಿ ಟೀಚರು ಒಬ್ಬಳನ್ನು ತಂದರು, ನಾಯಕನಹಟ್ಟಿ ಬಸ್ಸಿನ ಕಂಡಕ್ಟರು ಒಬ್ಬನನ್ನು ತಂದ. ಕೆಲವರು ತಿಂಗಳಿದ್ದರು, ಕೆಲವರು ವರ್ಷ. ಮಂದೆಯನ್ನು ಅಣ್ಣನ ಮಗನ ಜೊತೆ ಕಳಿಸಿ ಅವಳು ಹಟ್ಟಿಯಲ್ಲೇ ಉಳಿಯತೊಡಗಿದಳು. ಯಾರ ಹೆಸರನ್ನೂ ಬದಲಿಸಲು ಬಿಡಲಿಲ್ಲ. ದೀಪ ಹಚ್ಚಿದಾಗ ಪ್ರತಿ ಮಗುವೂ ತನ್ನ ಹೆಸರನ್ನೂ ಹೆತ್ತವಳ ಹೆಸರನ್ನೂ ಹೇಳಬೇಕು. ಗೊತ್ತಿಲ್ಲದವರು, "ನಮ್ಮವ್ವ ಎಲ್ಲೋ ಅವಳೆ" ಎಂದಾದರೂ ಹೇಳಬೇಕು. ಹೊಸ ಬಟ್ಟೆ ತೆಗೆಯಲಾಗದಿದ್ದರೆ ಹಳೆಯದನ್ನು ಬಿಸಿನೀರಲ್ಲಿ ಕುದಿಸಿ, ಯಾರದೆಂದು ಹೇಳಿ ಕೊಡುವಳು. ಎಲ್ಲಕ್ಕಿಂತ ಕಟ್ಟುನಿಟ್ಟು ಒಂದಿತ್ತು. ಯಾರೂ ಅವಳನ್ನು ಅವ್ವ ಎನ್ನಬಾರದು. ಒಂದು ಸಲ ಜ್ವರದ ಮಂಪರಿನಲ್ಲಿ ನಾನು ಹಾಗೆ ಕರೆದಿದ್ದೆ, ಕೈಯಿಂದ ನನ್ನ ಬಾಯಿ ಮುಚ್ಚಿದಳು. "ಅವ್ವ ಒಬ್ಬಳೇ. ಕೆಂಚಿ ಸತ್ತರೂ ನಿನಗೆ ಅವಳೇ ಅವ್ವ. ನಾನು ಅತ್ತೆ. ಇನ್ನೊಬ್ಬರ ಜಾಗದಾಗೆ ಕೂತ್ಕಂಡ್ರೆ ಏನಾಗ್ತೈತೆ ಅಂತ ನೋಡಿದ್ದೀವಲ್ಲ" ಎಂದಳು.

ಗಂಗಿ ಒಬ್ಬಳು ಮಾತ್ರ ಕೇಳಲಿಲ್ಲ. ಬಂದಾಗ ಇನ್ನೂ ನೆಟ್ಟಗೆ ಮಾತು ಬಾರದ ಕೂಸು. ತಾಯಿ ಸತ್ತಿದ್ದಳು, ತಂದೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನದಿಂದಲೇ ಅವ್ವಾ ಎಂದು ಅತ್ತೆಯ ಸೆರಗು ಹಿಡಿದಳು. ಅತ್ತೆ ಗದರಿದಳು, ಮುಖ ತಿರುಗಿಸಿದಳು, ಓಗೊಡದೆ ಕೂತಳು. ಗಂಗಿ ಅವ್ವಾ ಎಂದು ಇನ್ನೂ ಗಟ್ಟಿಯಾಗಿ ಕೂಗುವಳು. ಕೊನೆಗೆ ಅತ್ತೆಯೇ ಸೋತಳು. "ಈ ಮುಂಡೇದು ಕಿವುಡು" ಎಂದು ಬೈಯುತ್ತ ಎತ್ತಿಕೊಳ್ಳುವಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಗಂಗಿಗೆ ಕತ್ತಲೆಂದರೆ ಪ್ರಾಣಭಯ, ದೀಪವಿಲ್ಲದೆ ಮಲಗುತ್ತಿರಲಿಲ್ಲ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಅತ್ತೆ ಆ ಹುಡುಗಿಗಾಗಿ ಬುಡ್ಡಿ ಉರಿಸುತ್ತಿದ್ದಳು.

ಗಂಗಿ ಒಂದಿಷ್ಟು ಬೆಳೆದು ಕೈಗೆ ಕೆಲಸ ಬರುವ ಹೊತ್ತಿಗೆ ಅವಳ ಸೋದರಮಾವ ಎಂಬುವನು ಪತ್ತೆಯಾದ. ಅಷ್ಟು ವರ್ಷ ಎಲ್ಲಿದ್ದನೋ. ಬಳ್ಳಾರಿ ಕಡೆ ಅದಿರಿನ ಕೆಲಸ ಭರದಿಂದ ನಡೆಯುತ್ತಿದ್ದ ಕಾಲ, ಸಣ್ಣ ಕೈಗಳಿಗೂ ಅಲ್ಲಿ ಕೂಲಿ ಇತ್ತು. ನಮ್ಮ ರಕ್ತ, ನಾವು ಕರೆದುಕೊಂಡು ಹೋಗುತ್ತೇವೆ ಎಂದ. ಹಟ್ಟಿಯ ಹಿರಿಯರು ಸೇರಿ, "ಅವರ ಕೂಸು ಅವರಿಗೆ ಕೊಡಬೇಕಲ್ಲವ್ವ" ಎಂದರು. ಅತ್ತೆಗೆ ಏನು ಹಕ್ಕಿತ್ತು? ತಾನೇ ದಿನವೂ ಹೇಳಿಕೊಟ್ಟ ಪಾಠ ಅದು, ನಾನು ಅವ್ವ ಅಲ್ಲ ಎಂದು. ಗಂಗಿಯ ತಲೆ ಬಾಚಿ, ಬಟ್ಟೆಯ ಗಂಟು ಕಟ್ಟಿದಳು.

ಬಸ್ಸಿನವರೆಗೆ ನಾವಿಬ್ಬರೂ ಹೋದೆವು. ದಾರಿಯುದ್ದಕ್ಕೂ ಅತ್ತೆ ಆ ಮನುಷ್ಯನ ಪಕ್ಕದಲ್ಲಿ ಬಿರಬಿರನೆ ನಡೆಯುತ್ತ ಹೇಳುತ್ತಲೇ ಇದ್ದಳು. "ನೋಡಣ್ಣ, ಬೆಳಿಗ್ಗೆ ಎದ್ದ ಗಳಿಗೆ ಮಾತಾಡಿಸಬ್ಯಾಡ್ರಿ, ಅಳ್ತಾಳೆ. ಬಿಸಿ ಮುದ್ದೆ ಉಣ್ಣಲ್ಲ, ಆರಿಸಿ ಕೊಡ್ರಿ. ಕೂಗಿದ್ರೆ ಹೊಡೀಬ್ಯಾಡ್ರಿ, ಸುಮ್ಮನೆ ಕೂತಿದ್ರೆ ಏನಾಯ್ತು ಅಂತ ಕೇಳ್ರಿ. ಕತ್ತಲಾದ್ರೆ ಹೆದರ್ತಾಳೆ. ಒಂದು ದೀಪ ಇಡ್ರಿ, ಸಣ್ಣದಾದರೂ ಸಾಕು, ಇಡ್ರಿ ಅಣ್ಣಾ." ಕುರಿ ಮಾರಿದಾಗಲೂ ಅವಳು ಹಾಗೇ, ಕೊಂಡವನಿಗೆ ಆ ಕುರಿಯ ಗುಣವನ್ನೆಲ್ಲ ಹೇಳಿಯೇ ಹಗ್ಗ ಬಿಡುತ್ತಿದ್ದಳು. ಅವನು ಬೀಡಿ ಹಚ್ಚುತ್ತ ಹೂಂ ಹೂಂ ಎನ್ನುತ್ತಿದ್ದ. ಬಸ್ಸು ಹೊರಟಿತು. ಗಂಗಿ ಕಿಟಕಿಯಿಂದ ಅವ್ವಾ ಅವ್ವಾ ಎಂದು ಕಿರುಚುತ್ತಿದ್ದಳು. ಅತ್ತೆ ರಸ್ತೆಯ ಮೇಲೆ ಕೂತುಬಿಟ್ಟಳು.

ವರ್ಷ ಕಳೆದರೂ ಸುದ್ದಿ ಬರಲಿಲ್ಲ. ಅತ್ತೆ ಒಬ್ಬಳೇ ಸಂಡೂರಿನ ಕಡೆ ಹುಡುಕಿಕೊಂಡು ಹೋದಳು. ತಿರುಗಿ ಬಂದಾಗ ಸೀರೆಯೆಲ್ಲ ಕೆಂಪು ಧೂಳು. ಎಲ್ಲಿ ಹೋದೆ, ಯಾರನ್ನು ಕೇಳಿದೆ ಎಂದು ವಿಚಾರಿಸಿದೆ. "ಅಲ್ಲಿ ಎಲ್ಲಾ ಮಕ್ಕಳೂ ಒಂದೇ ಥರ ಕಾಣ್ತವೆ ಕಣೆ. ಮುಖ ಗೊತ್ತಾಗಲ್ಲ" ಎಂದಳು ಅಷ್ಟೆ. ನೂರಾರು ಕುರಿಗಳಲ್ಲಿ ಒಂದೊಂದರ ಮುಖವನ್ನೂ ಬಲ್ಲವಳು ಆ ಮಾತು ಹೇಳಿದಳು. ಆಮೇಲೆ ಅವಳು ಯಾವ ಮಗುವನ್ನೂ ಇಟ್ಟುಕೊಳ್ಳಲಿಲ್ಲ.

ನಾನು ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿಯವರೆಗೆ ಓದಿದೆ. ಈಗ ಚಳ್ಳಕೆರೆಯಲ್ಲಿ ಅಂಥದೇ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತೇನೆ. ಹೊಸ ಹುಡುಗಿ ಬಂದರೆ ನಾನು ಎದುರಿಗೆ ಹೋಗಿ ಗಲ್ಲ ಹಿಡಿಯುವುದಿಲ್ಲ. ಬೆನ್ನು ಕೊಟ್ಟು ತರಕಾರಿ ಹೆಚ್ಚುತ್ತೇನೆ, ಬೇಕೆನಿಸಿದಾಗ ಅದೇ ಬರುತ್ತದೆ. ಟ್ರಂಕಿನಲ್ಲಿ ಚಪಾತಿ ಅಡಗಿಸಿಡುವವಳಿಗೆ ಡಬ್ಬಿ ಕೊಡುತ್ತೇನೆ. ಸುಮ್ಮನಿರುವವಳ ಮೇಲೆ ಕಣ್ಣಿಡುತ್ತೇನೆ. ವಾರ್ಡನ್ ಮೇಡಂ ನಿನಗೆ ಇದನ್ನೆಲ್ಲ ಯಾರು ಕಲಿಸಿದರು ಎಂದರೆ, ಕುರಿ ಕಾಯುವಾಗ ಕಲಿತೆ ಎನ್ನುತ್ತೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ.

ಅತ್ತೆಗೆ ಲಕ್ವ ಹೊಡೆದಿದೆ ಎಂದು ಅಣ್ಣನ ಮಗ ಹೇಳಿ ಕಳಿಸಿದ. ಆ ಹೊತ್ತಿಗಾಗಲೇ ಮಂದೆ ಅವನ ಪಾಲಾಗಿತ್ತು. ಭಾನುವಾರ ಹೋದೆ. ಮಧ್ಯಾಹ್ನದ ಬಿಸಿಲು, ಗುಡಿಸಲೊಳಗೆ ನೊಣ. ಅರ್ಧ ಮೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು. ನಾನು ಹತ್ತಿರ ಕೂತು ಅತ್ತೆ ಎಂದೆ. ಕಣ್ಣು ತೆರೆದಳು, ಕಣ್ಣಿಗೆ ಪೊರೆ ಬಂದಿತ್ತು. ಬಹಳ ಹೊತ್ತು ನನ್ನ ಕಡೆ ನೋಡಿದಳು.

"ಗಂಗೀ" ಎಂದಳು. "ಬಂದ್ಯೇನೇ?"

ನಾನು ಬೋರಕ್ಕ, ಕೆಂಚಮ್ಮನ ಮಗಳು ಎಂದು ಹೇಳಲು ಬಾಯಿ ತೆರೆದೆ. ಇನ್ನೊಬ್ಬರ ಹೆಸರಿಗೆ ಓಗೊಡಬೇಡ ಎಂದು ಕಲಿಸಿದವಳೇ ಅವಳು. ಮೊಳಕಾಲ್ಮುರಿನ ಆ ಮನೆಯಿಂದ ಬಂದ ಮೇಲೆ ಯಾರಾದರೂ ತಮಾಷೆಗೆ ಬೇರೆ ಹೆಸರಿನಿಂದ ಕರೆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವಳ ಸರಿಯಿದ್ದ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತ್ತು.

"ಬಂದೆ ಕಣವ್ವ" ಎಂದೆ.

"ಉಂಡ್ಯಾ?"

"ಉಂಡೆ ಕಣವ್ವ. ಹೊಟ್ಟೆ ತುಂಬ ಉಂಡೆ."

ಅವಳು ಉಸಿರೆಳೆದುಕೊಳ್ಳುತ್ತ ಏನನ್ನೋ ಕೇಳಲು ಒದ್ದಾಡಿದಳು. ನಾನು ಬಗ್ಗಿ ಬಾಯಿಯ ಹತ್ತಿರ ಕಿವಿ ಇಟ್ಟೆ.

"ಆ ನಿಮ್ಮ ಮಾವ... ದೀಪ ಇಡ್ತಿದ್ನಾ?"

"ಇಡ್ತಿದ್ದ ಕಣವ್ವ. ದಿನಾ ಇಡ್ತಿದ್ದ."

ಅವಳ ಕೈ ಸಡಿಲವಾಯಿತು. ಮರುದಿನ ಕುರಿಗಳು ಮೇಯಲು ಹೊರಟ ಹೊತ್ತಿಗೆ ಹೋದಳು. ಮಣ್ಣು ಮಾಡುವಾಗ ಬೇರೆ ಊರಿಂದ ಬಂದಿದ್ದ ಹಿರಿಯನೊಬ್ಬ, ಇವಳು ಸತ್ತವಳಿಗೆ ಏನಾಗಬೇಕು ಎಂದು ನನ್ನನ್ನು ತೋರಿಸಿ ಕೇಳಿದ. ಏನೂ ಆಗಬೇಕಿಲ್ಲ, ಸಾಕಿದ್ದಳು ಎಂದು ಅಣ್ಣನ ಮಗ ಹೇಳಿದ. ನಾನು ಒಂದು ಹಿಡಿ ಮಣ್ಣು ಹಾಕಿ, ಅತ್ತೇ ಎಂದು ಕೂಗಿ ಅತ್ತೆ. ಎಚ್ಚರವಿದ್ದಾಗ ನನ್ನ ಹೆಸರಿನಲ್ಲಿ ನಾನು ಅವಳನ್ನು ಅವ್ವ ಎಂದು ಕರೆಯಲೇ ಇಲ್ಲ.